ಅರ್ಜಿ ಕ್ಷಣದಲ್ಲಿ ಸೇರುತ್ತದೆ, ತೀರ್ಮಾನ ಯಾಕೆ ತಡ?

ಓದುಗರ ಪತ್ರ: ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಲೆಡ್ಜರ್ ಹೋಗಿ ಕಂಪ್ಯೂಟರ್ ಬಂದ ಮೇಲೆ ಕೆಲಸ ಎಷ್ಟು ಬೇಗ ಆಗತೊಡಗಿತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಅಮೆರಿಕದಲ್ಲಿ ಅಂಗವಿಕಲರು ಸರ್ಕಾರದ ನೆರವಿಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುತ್ತಾರೆಂದು ನಿಮ್ಮ ಪತ್ರಿಕೆಯಲ್ಲೇ ಓದಿದೆ. ಅಷ್ಟೊಂದು ಕಂಪ್ಯೂಟರ್ ಇರುವ ದೇಶದಲ್ಲೂ ಹೀಗೇಕೆ? ಎಐ ಕೈಗೆ ಕೊಟ್ಟರೆ ಒಂದೇ ದಿನದಲ್ಲಿ ಮುಗಿಯುವುದಿಲ್ಲವೇ?

ಸಂಪಾದಕರ ಉತ್ತರ: ನಿಮ್ಮ ಮಾತು ಅರ್ಧ ನಿಜ. ಆ ಅರ್ಧದಿಂದಲೇ ಶುರು ಮಾಡುತ್ತೇನೆ.

ಸೇನೆಯಲ್ಲಿದ್ದು ಅಂಗವಿಕಲರಾದವರ ಅರ್ಜಿ ನೋಡುವ ಅಲ್ಲಿನ ಮಾಜಿ ಸೈನಿಕರ ಇಲಾಖೆ ಬಹಳ ಕಾಲ ಕಾಗದದಲ್ಲೇ ಮುಳುಗಿತ್ತು. 2012ರಲ್ಲಿ ಉತ್ತರ ಕೆರೊಲಿನಾದ ವಿನ್‌ಸ್ಟನ್-ಸೇಲಂ ಕಚೇರಿಗೆ ತಪಾಸಣೆಗೆ ಹೋದವರಿಗೆ ಬೀರುಗಳ ತಲೆಯ ಮೇಲೇ ಸುಮಾರು 37,000 ಕಡತಗಳು ಕಂಡವು. ಈ ಭಾರದಿಂದ ಕಟ್ಟಡಕ್ಕೇ ಅಪಾಯವಾಗಬಹುದು ಎಂದು ಅವರು ವರದಿ ಬರೆದರು. ತಮಾಷೆಯಲ್ಲ, ನಿಜವಾಗಿಯೂ ಹಾಗೇ ಬರೆದರು! 125 ದಿನ ದಾಟಿದ ಅರ್ಜಿಯನ್ನು ಆ ಇಲಾಖೆ ಬಾಕಿ ಎಂದು ಎಣಿಸುತ್ತದೆ. 2013ರ ಮಾರ್ಚ್‌ನಲ್ಲಿ ಇಂಥವು ಸುಮಾರು 6 ಲಕ್ಷ 11 ಸಾವಿರ ಇದ್ದವು. ಆಮೇಲೆ ಕಾಗದವನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಿದರು. 2015ರ ಆಗಸ್ಟ್ ಹೊತ್ತಿಗೆ ಬಾಕಿ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು.

ಕಂಪ್ಯೂಟರ್ ಗೆದ್ದಿತು ಅಂತ ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ 2013ರ ಮೇ ತಿಂಗಳಲ್ಲೇ ಅರ್ಜಿ ನೋಡುವ ಸಿಬ್ಬಂದಿಗೆ ತಿಂಗಳಿಗೆ 20 ಗಂಟೆ ಓವರ್‌ಟೈಮ್ ಕಡ್ಡಾಯ ಮಾಡಿದ್ದರು. ಹಾಗಾದರೆ ಗೆದ್ದದ್ದು ಯಾರು? ಅತ್ತ ಮೇಲ್ಮನವಿಗಳು ರಾಶಿ ಬಿದ್ದವು. ಅವುಗಳ ದಾರಿ ಸರಿಪಡಿಸಲು 2017ರಲ್ಲಿ ಹೊಸ ಕಾನೂನೇ ಬೇಕಾಯಿತು.

ಬ್ಯಾಂಕಿನ ಖಾತೆಯಲ್ಲಿ ಹಣ ಎಷ್ಟಿದೆ ಎಂಬುದು ಒಂದು ಅಂಕಿ. ಬೆನ್ನುನೋವಿರುವವರು ಎಷ್ಟು ಹೊತ್ತು ಕೂತು ಕೆಲಸ ಮಾಡಬಲ್ಲರು, ಆ ನೋವು ಸೇನೆಯಲ್ಲಿದ್ದಾಗಲೇ ಶುರುವಾಯಿತೇ, ಇದಕ್ಕೆ ಅಂಕಿ ಎಲ್ಲಿಂದ ತರುವುದು? ವೈದ್ಯರ ಟಿಪ್ಪಣಿ ಬೇಕು. ಹಳೆಯ ಸೇವಾ ದಾಖಲೆ ಬೇಕು. ಹೊಸದಾಗಿ ತಪಾಸಣೆ ಆಗಬೇಕು. ಇವೆಲ್ಲ ಬೇರೆ ಬೇರೆ ಕಡೆಯಿಂದ ಬರಬೇಕು. ಅರ್ಜಿ ಆನ್‌ಲೈನಿನಲ್ಲಿ ಕ್ಷಣದಲ್ಲಿ ಸೇರಿದರೂ, ಆಮೇಲೆ ಅದು ಸುಮ್ನೆ ಕೂತು ಬೇರೆಯವರ ಉತ್ತರಕ್ಕೆ ಕಾಯುತ್ತಿರುತ್ತದೆ.

2020ರಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಸೈನಿಕರ ಹಳೆಯ ದಾಖಲೆಗಳು ಸೇಂಟ್ ಲೂಯಿಸ್‌ನ ಒಂದು ಕೇಂದ್ರದಲ್ಲಿವೆ, ಅವುಗಳಲ್ಲಿ ಜಾಸ್ತಿ ಪಾಲು ಆಗಲೂ ಕಾಗದದಲ್ಲೇ ಇತ್ತು. ಕೋವಿಡ್‌ನಿಂದ ಆ ಕೇಂದ್ರದ ಕೆಲಸ ಬಹುತೇಕ ನಿಂತಿತು, ಮುಖಾಮುಖಿ ವೈದ್ಯಕೀಯ ತಪಾಸಣೆಗಳೂ ನಿಂತವು. ಅರ್ಜಿ ನೋಡುವವರು ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದರೂ ನೋಡಲು ದಾಖಲೆ ಬೇಕಲ್ಲ! ಬಾಕಿ ಮತ್ತೆ ಎರಡು ಲಕ್ಷ ದಾಟಿತು. ಇದೇ ಕೇಂದ್ರದಲ್ಲಿ 1973ರ ಜುಲೈನಲ್ಲಿ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಕಡತಗಳು ನಾಶವಾಗಿದ್ದವು. ಬೂದಿಯಾದ ಹಾಳೆಯನ್ನು ಯಾವ ಸಾಫ್ಟ್‌ವೇರ್ ಓದೀತು?

ಇನ್ನು ಎಐ ವಿಷಯ. ನನಗೆ ನಿಜವಾಗಿ ಭಯವಿರುವುದು ಇಲ್ಲೇ. ಆರ್ಕಾನ್ಸಾ ರಾಜ್ಯದಲ್ಲಿ ಅಂಗವಿಕಲರನ್ನು ಮನೆಯಲ್ಲಿ ನೋಡಿಕೊಳ್ಳಲು ಸರ್ಕಾರದ ಖರ್ಚಿನಲ್ಲಿ ಸಹಾಯಕರು ಬರುತ್ತಾರೆ. ವಾರಕ್ಕೆ ಎಷ್ಟು ಗಂಟೆ ಎಂದು ಮೊದಲು ನರ್ಸ್‌ಗಳು ತೀರ್ಮಾನಿಸುತ್ತಿದ್ದರು. 2016ರಲ್ಲಿ ಆ ಕೆಲಸವನ್ನು ಅಲ್ಗಾರಿದಮ್‌ಗೆ, ಅಂದರೆ ಕಂಪ್ಯೂಟರಿನ ಲೆಕ್ಕಸೂತ್ರಕ್ಕೆ ಒಪ್ಪಿಸಿದರು. ಉತ್ತರ ತಡವಿಲ್ಲದೆ ಬಂತು. ಒಬ್ಬರ ನೆರವಂತೂ ವಾರಕ್ಕೆ 56 ಗಂಟೆಯಿಂದ 32ಕ್ಕೆ ಇಳಿಯಿತು. ಯಾಕೆ ಎಂದು ಕೇಳಿದರೆ ನರ್ಸ್ ಹತ್ತಿರವೂ ಉತ್ತರವಿರಲಿಲ್ಲ. ಸೆರೆಬ್ರಲ್ ಪಾಲ್ಸಿಯನ್ನು (ಮೆದುಳಿನ ತೊಂದರೆಯಿಂದ ಕೈಕಾಲುಗಳ ಹಿಡಿತ ತಪ್ಪುವ ಸ್ಥಿತಿ) ಲೆಕ್ಕಕ್ಕೆ ಹಿಡಿಯುವಲ್ಲೇ ಸಾಫ್ಟ್‌ವೇರ್ ಎಡವಿತ್ತು ಎಂಬುದು ಮೊಕದ್ದಮೆ ನಡೆದಾಗ ಹೊರಬಿತ್ತು. ಕೊನೆಗೆ 2018ರಲ್ಲಿ ಇದನ್ನು ನಿಲ್ಲಿಸಿ ಎಂದು ನ್ಯಾಯಾಲಯವೇ ಹೇಳಬೇಕಾಯಿತು.

ಹಾಗಂತ ಯಂತ್ರವೇ ಬೇಡ ಎನ್ನುತ್ತಿಲ್ಲ. ಅದು ಬೇಗ ಹೌದು ಎನ್ನಲು ನೆರವಾಗಲಿ, ಇಲ್ಲ ಎನ್ನುವ ಅಧಿಕಾರ ಮಾತ್ರ ಅದಕ್ಕೆ ಬೇಡ. ದುಡಿಯಲಾಗದ ಅಂಗವಿಕಲರಿಗೆ ಹಣದ ನೆರವು ಕೊಡುವ ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಇಲಾಖೆ ಇಂಥದ್ದನ್ನು ಮಾಡಿ ತೋರಿಸಿದೆ. ಬಂದ ಅರ್ಜಿಗಳನ್ನು ಕಂಪ್ಯೂಟರ್ ಜಾಲಾಡುತ್ತದೆ, ಮಂಜೂರಾಗುವ ಸಾಧ್ಯತೆ ತುಂಬಾ ಇರುವವನ್ನು ಆರಿಸಿ ಮುಂದೆ ತಳ್ಳುತ್ತದೆ. 2008ರಲ್ಲಿ 50 ಗಂಭೀರ ಕಾಯಿಲೆಗಳ ಪಟ್ಟಿಯನ್ನೂ ಮಾಡಿದರು. ಆ ಕಾಯಿಲೆ ಇದೆಯೆಂದು ಖಚಿತವಾದರೆ ಬೇಗ ವಿಲೇವಾರಿ. ಪಟ್ಟಿ ಈಗ 200 ದಾಟಿದೆ. ಕಂಪ್ಯೂಟರ್ ಆರಿಸದ ಅರ್ಜಿ ತಿರಸ್ಕಾರವಾಗುವುದಿಲ್ಲ, ಮಾಮೂಲಿ ಸಾಲಿನಲ್ಲಿ ಉಳಿಯುತ್ತದೆ. ಸಹಿ ಹಾಕುವುದೂ ಮನುಷ್ಯರೇ.

ಇಷ್ಟಿದ್ದೂ 2023ರಲ್ಲಿ ಆ ಇಲಾಖೆಯಲ್ಲಿ ಮೊದಲ ತೀರ್ಮಾನಕ್ಕೆ ಸರಾಸರಿ ಏಳು ತಿಂಗಳು ಹಿಡಿಯುತ್ತಿತ್ತು. ಅರ್ಜಿ ಓದಿ ತೀರ್ಮಾನಿಸುವ ಅನುಭವಿಗಳು ಕೆಲಸ ಬಿಟ್ಟು ಹೋಗುತ್ತಿದ್ದುದು ಅದಕ್ಕೊಂದು ದೊಡ್ಡ ಕಾರಣ. ಹೊಸಬರು ಪಳಗಲು ವರ್ಷ ದಾಟುತ್ತದೆ. ಹೊಸ ಸಾಫ್ಟ್‌ವೇರ್‌ಗೆ ಹಣ ಕೊಡುವ ಉತ್ಸಾಹ ಇವರ ಸಂಬಳದ ಮಾತು ಬಂದಾಗ ಯಾಕೋ ಕಾಣುವುದಿಲ್ಲ, ಅಲ್ವಾ?