ಮನೇಲಿ ಡಿಜೆ ಪ್ರಾಕ್ಟೀಸ್‌ಗೆ ಎಂಥಾ ಸ್ಪೀಕರ್ ಸಾಕು?

ಪ್ರಶ್ನೆ: ಸರ್, ನಾನು ದಾವಣಗೆರೆಯವನು, ಇಂಜಿನಿಯರಿಂಗ್ ಕೊನೇ ವರ್ಷ. ಎರಡು ತಿಂಗಳ ಹಿಂದೆ ಪಯೋನಿಯರ್ ಡಿಡಿಜೆ-ಎಫ್‌ಎಲ್‌ಎಕ್ಸ್4 (ಲ್ಯಾಪ್‌ಟಾಪಿಗೆ ಹಾಕಿ ಹಾಡು ಮಿಕ್ಸ್ ಮಾಡೋ ಡಿಜೆ ಕಂಟ್ರೋಲರ್) ತಗೊಂಡೆ, ಕೂಡಿಟ್ಟ ದುಡ್ಡೆಲ್ಲ ಅದಕ್ಕೇ ಹೋಯ್ತು. ಈಗ ಲ್ಯಾಪ್‌ಟಾಪಿಂದ ಬ್ಲೂಟೂತ್ ಸ್ಪೀಕರ್‌ಗೆ ಹಾಕ್ಕೊಂಡು ಪ್ರಾಕ್ಟೀಸ್ ಮಾಡ್ತಿದ್ದೀನಿ, ಆದ್ರೆ ಹೆಡ್‌ಫೋನಲ್ಲಿ ಸರಿಯಾಗಿ ಕೂತಿರೋ ಬೀಟು ಸ್ಪೀಕರಲ್ಲಿ ಕೂರೋದೇ ಇಲ್ಲ. ಮನೇಲಿ ಅಪ್ಪಂದು ಹಳೇ 5.1 ಹೋಮ್ ಥಿಯೇಟರ್ ಇದೆ. ಅಂಗಡಿಯವರು 12 ಇಂಚಿನ ಪವರ್ಡ್ ಸ್ಪೀಕರ್ ತಗೋ ಅಂತಾರೆ. 10-12 ಸಾವಿರ ಹೊಂದಿಸಬಹುದು. ಬಾಡಿಗೆ ಮನೆ, ಕೆಳಗಡೇನೇ ಓನರ್ ಇದಾರೆ. ಏನ್ ಮಾಡ್ಲಿ?

ಉತ್ತರ: ಮೊದಲು ಆ ಬ್ಲೂಟೂತ್ ಬಿಡಿ. ನಿಮ್ಮ ಕೈಯಲ್ಲಿ ತಪ್ಪಿಲ್ಲ, ಸೌಂಡೇ ತಡವಾಗಿ ಬರ್ತಿದೆ. ಹೆಡ್‌ಫೋನ್ ಕಂಟ್ರೋಲರ್‌ಗೆ ಹಾಕಿರ್ತೀರಿ, ಅದರಲ್ಲಿ ತಕ್ಷಣ ಕೇಳುತ್ತೆ, ಸ್ಪೀಕರ್ ಸೌಂಡು ಲ್ಯಾಪ್‌ಟಾಪಿಂದ ಬ್ಲೂಟೂತ್ ಹತ್ತಿ ಬರೋಷ್ಟರಲ್ಲಿ 100ರಿಂದ 200 ಮಿಲಿಸೆಕೆಂಡ್ ಆಗೋದು ಮಾಮೂಲು. 128 ಬಿಪಿಎಂ (ನಿಮಿಷಕ್ಕೆ 128 ಬೀಟು) ಹಾಡಲ್ಲಿ ಒಂದು ಬೀಟಿಂದ ಇನ್ನೊಂದಕ್ಕೆ ಇರೋದೇ ಸುಮಾರು 469 ಮಿಲಿಸೆಕೆಂಡು, ಅಂದ್ರೆ 200 ತಡ ಆದ್ರೆ ಹತ್ರ ಹತ್ರ ಅರ್ಧ ಬೀಟೇ ಹೋಯ್ತು. ಇನ್ನೊಂಥರ ಹೇಳ್ಬೇಕಂದ್ರೆ ಗಾಳೀಲಿ ಸೌಂಡ್ ಒಂದು ಮೀಟರ್ ಬರೋಕೆ 3 ಮಿಲಿಸೆಕೆಂಡ್ ಬೇಕು, ಹಾಗಾಗಿ 200 ಮಿಲಿಸೆಕೆಂಡ್ ಅಂದ್ರೆ ಸ್ಪೀಕರನ್ನ ಮೈದಾನದ ಆ ತುದೀಲಿ, 65-70 ಮೀಟರ್ ದೂರದಲ್ಲಿಟ್ಟು ಈ ತುದೀಲಿ ಮಿಕ್ಸ್ ಮಾಡ್ದಂಗೆ. ಯಾರಿಗೂ ಆಗಲ್ಲ ಅದು.

ಕಂಟ್ರೋಲರ್ ಹಿಂದ್ಗಡೆ ಕೆಂಪು-ಬಿಳಿ ಆರ್‌ಸಿಎ ಮಾಸ್ಟರ್ ಔಟ್ (ಮಿಕ್ಸ್ ಆದ ಸೌಂಡು ಹೊರಗೆ ಬರೋ ಸಾಕೆಟ್) ಇದೆ ನೋಡಿ, ಸೌಂಡು ಅಲ್ಲಿಂದ್ಲೇ ಹೋಗ್ಬೇಕು. ಹೊಸದು ತಗೊಳ್ಳೋ ಮುಂಚೆ ಅಪ್ಪನ ಹೋಮ್ ಥಿಯೇಟರ್‌ಗೇ ಒಂದು ಆರ್‌ಸಿಎ ಕೇಬಲ್ ಎಳೆದು ನೋಡಿ, ಖರ್ಚು ಕೇಬಲ್ದು ಅಷ್ಟೇ. ಆಕ್ಸ್ ಇನ್‌ಪುಟ್‌ಗೆ ಹಾಕಿ, ರಿಮೋಟಲ್ಲಿ ಸರೌಂಡ್ ಎಫೆಕ್ಟೆಲ್ಲ ಆಫ್ ಮಾಡಿ ಬರೀ ಸ್ಟೀರಿಯೋದಲ್ಲಿಡಿ (ಕೆಲವು ಸೆಟ್ಟಲ್ಲಿ ಆ ಎಫೆಕ್ಟೇ ಸೌಂಡನ್ನ ಲೇಟ್ ಮಾಡುತ್ತೆ), ಮುಂದಿನ ಎರಡು ಸ್ಪೀಕರ್ ಮಾತ್ರ ಟೇಬಲ್ ಮೇಲೆ ಕಿವಿ ಮಟ್ಟಕ್ಕೆ ತನ್ನಿ, ಸಬ್ (ಬಾಸ್‌ಗೆ ಅಂತಲೇ ಇರೋ ಸಬ್‌ವೂಫರ್ ಡಬ್ಬಿ) ಸಣ್ಣಗಿಡಿ. ಚಿಕ್ಕ ಡಬ್ಬಿ ಸ್ಪೀಕರ್‌ಗೂ ಸಬ್‌ಗೂ ಮಧ್ಯದ ಸೌಂಡು ಖಾಲಿ ಖಾಲಿ ಅನ್ಸುತ್ತೆ, ಈಕ್ಯೂ (ಬಾಸ್, ಮಿಡ್, ಟ್ರೆಬಲ್ ಹೆಚ್ಚು ಕಮ್ಮಿ ಮಾಡೋದು) ಕಲಿಯೋಕೆ ಅದು ಸರಿ ಬರಲ್ಲ, ಆದ್ರೆ ಎರಡು ಹಾಡಿನ ಬೀಟು ಕೂರಿಸೋ ಬೀಟ್ ಮ್ಯಾಚಿಂಗ್‌ಗೆ ಧಾರಾಳ ಸಾಕು.

ಆ 12 ಇಂಚಿಂದು ಮಾತ್ರ ಬೇಡ. ನಮ್ಮ ಕಡೆ ಡಿಜೆ ಅಂದ್ರೆ ಗಣಪತಿ ಮೆರವಣಿಗೇಲಿ ಟ್ರ್ಯಾಕ್ಟರ್ ಮೇಲೆ ಜೋಡಿಸೋ ಬಾಕ್ಸೇ ಎಲ್ಲರ ತಲೇಲಿರೋದು, ಅಂಗಡಿಯವರನ್ನ ಬೈದೇನು ಪ್ರಯೋಜನ. ನಾನೂ ಶುರುವಲ್ಲಿ ಒಂದು ಸೆಕೆಂಡ್ ಹ್ಯಾಂಡ್ ತಂದು 10 ಬೈ 10 ರೂಮಲ್ಲಿ ಇಟ್ಕೊಂಡಿದ್ದೆ, ವಾಲ್ಯೂಮ್ ಕಾಲು ಭಾಗ ದಾಟಿಸೋಕೆ ಒಂದು ದಿನಾನೂ ಆಗ್ಲಿಲ್ಲ, ಸಣ್ಣಗಿಟ್ರೆ ಅದರ ಹಿಸ್ ಸೌಂಡೇ ಹಾಡಿಗಿಂತ ಜೋರು, ಕೊನೆಗೆ ಅದರ ಮೇಲೆ ಬಟ್ಟೆ ಮಡಚಿಡ್ತಿದ್ವಿ. ಅದು ಹಾಲ್‌ನ ತುಂಬಿಸೋಕೆ ಮಾಡಿರೋದು, ನೀವು ಕೂರೋದು ಸ್ಪೀಕರಿಂದ ಒಂದು ಮೀಟರ್ ದೂರದಲ್ಲಿ.

ಹೋಮ್ ಥಿಯೇಟರ್ ಬೇಜಾರಾದ್ಮೇಲೆ ತಗೊಳ್ಳೋದಾದ್ರೆ ಚಿಕ್ಕ ಆಕ್ಟಿವ್ ಸ್ಪೀಕರ್ ಜೋಡಿ ನೋಡಿ. ಪ್ರಿಸೋನಸ್ ಎರಿಸ್ 3.5 ಇಲ್ಲಾ ಎಡಿಫೈಯರ್ ಆರ್1280ಟಿ ಥರದ್ದು, ಎರಡಕ್ಕೂ ಆರ್‌ಸಿಎ ನೇರ ಹಾಕ್ಬಹುದು, ಆಂಪ್ ಒಳಗೇ ಇರುತ್ತೆ. ಎರಿಸ್ 3.5 ಕೆಳಗಡೆ 80 ಹರ್ಟ್ಸ್ ತನಕ ಅಂತ ಕಂಪನಿನೇ ಹೇಳುತ್ತೆ, ಹೌಸ್ ಮ್ಯೂಸಿಕ್‌ನ ಕಿಕ್ ಡ್ರಮ್ಮಿನ ಬುಡ ಇರೋದು 50-60 ಹರ್ಟ್ಸಲ್ಲಿ, ಸೋ ಎದೆಗೆ ಗುದ್ದೋ ಬಾಸ್ ಸಿಗಲ್ಲ. ಕೆಳಗಡೆ ಓನರ್ ಇರೋವಾಗ ಅದು ಒಳ್ಳೇದೇ ಬಿಡಿ, ಗೋಡೆ-ನೆಲ ಹಿಡ್ಕೊಂಡು ಕೆಳಗಿಳಿಯೋದು ಬಾಸೇ. ಐದು ಇಂಚಿನ ಜೆಬಿಎಲ್ 305ಪಿ, ಯಮಹಾ ಎಚ್‌ಎಸ್5 ಚೆನ್ನಾಗಿವೆ, ಆದ್ರೆ ಅವಕ್ಕೆ ಆರ್‌ಸಿಎ ಇನ್‌ಪುಟ್ ಇಲ್ಲ, ಆರ್‌ಸಿಎ ಟು ಪಿ38 ಜ್ಯಾಕ್ (ಕಾಲಿಂಚಿನ ದಪ್ಪ ಪಿನ್) ಕೇಬಲ್ ಬೇಕು, ಮತ್ತೆ ಒಂದೊಂದೇ ಮಾರ್ತಾರೆ, ಜೋಡಿ ಲೆಕ್ಕ ಹಾಕಿದ್ರೆ ನಿಮ್ಮ ಬಜೆಟ್ ಮುಗೀತು. ಮೂಲೆಗೆ ಒತ್ತಿ ಇಡ್ಬೇಡಿ, ಬಾಸ್ ಸುಮ್ನೆ ಊದ್ಕೊಳುತ್ತೆ, ಗೋಡೆಯಿಂದ ಒಂದಡಿ ಈಚೆ ಇರ್ಲಿ.

ಇನ್ನು ಓನರ್ ವಿಷಯ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ಮನೆಗಳಿರೋ ಏರಿಯಾಗೆ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರ ತನಕ 45. ನಿಯಮ ತೋರಿಸೋಕೆ ಓನರ್ ಏನೂ ಕಾಯಲ್ಲ, ನೇರ ಮೇಲೆ ಬರ್ತಾರೆ. ಸಬ್ ಕೆಳಗೆ ದಪ್ಪ ಮ್ಯಾಟ್ ಹಾಕಿದ್ರೆ ನೆಲ ಅದುರೋದು ಕಮ್ಮಿ ಆಗುತ್ತೆ, ಗಾಳೀಲಿ ಹೋಗೋ ಬಾಸ್ ನಿಲ್ಲಲ್ಲ, ಫೋಮ್ ಅಂಟಿಸಿದ್ರೂ ಅಷ್ಟೇ. ಹತ್ತಾದ್ಮೇಲೆ ಹೆಡ್‌ಫೋನಲ್ಲೇ ಕ್ಯೂ (ಮುಂದೆ ಬರೋ ಹಾಡು), ಮಾಸ್ಟರ್ (ಹೊರಗೆ ಹೋಗೋ ಮಿಕ್ಸ್) ಎರಡೂ ಹಾಕ್ಕೊಂಡು ಮಿಕ್ಸ್ ಮಾಡಿ, ಹಾಗಾಗಿ ನನ್ ಕೇಳಿದ್ರೆ ಇರೋ ದುಡ್ಡಲ್ಲಿ ಮೊದಲ ಪಾಲು ಹೊರಗಿನ ಸೌಂಡ್ ಒಳಗೆ ಬಿಡದೇ ಇರೋ, ಕಿವಿ ಪೂರ್ತಿ ಮುಚ್ಚೋ ವೈರ್ ಹೆಡ್‌ಫೋನ್‌ಗೆ ಹಾಕಿ, ಸ್ಪೀಕರ್ ಆಮೇಲೆ.

ಕೇಬಲ್ ಹಾಕಿದ್ಮೇಲೆ ಗುಂಯ್ ಅಂತ ಸೌಂಡ್ ಬಂದ್ರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ನಿಂತೋದ್ರೆ ಕಂಪ್ಲೇಂಟ್ ಇರೋದು ಚಾರ್ಜರ್ ಅಥವಾ ಅರ್ಥಿಂಗ್ ಕಡೆ. ಲ್ಯಾಪ್‌ಟಾಪ್, ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ರೆ ಎಷ್ಟೋ ಸಲ ಹೋಗುತ್ತೆ. ಮೂರನೇ ಪಿನ್ ಕಿತ್ತಾಕು ಅಂತ ಯಾರಾದ್ರೂ ಐಡಿಯಾ ಕೊಟ್ರೆ ಕೇಳ್ಬೇಡಿ, ಶಾಕ್ ಹೊಡೆಯುತ್ತೆ. ಬಾಡಿಗೆ ಮನೇಲಿ ಸಾಕೆಟ್‌ಗೆ ಅರ್ಥ್ ಎಳೆದೇ ಇರಲ್ಲ ಎಷ್ಟೋ ಕಡೆ, ಎಲೆಕ್ಟ್ರಿಷಿಯನ್ ಕರೆಸಿ ಅದೊಂದು ಚೆಕ್ ಮಾಡಿಸಿ, ಈ ಖರ್ಚನ್ನ ಮಾತ್ರ ಓನರ್ ಹತ್ರ ಧೈರ್ಯವಾಗಿ ಕೇಳಬಹುದು.