ಅಪ್ಪನ ಯೆಜ್ಡಿಗೆ ₹25,000 ಸಾಕೇ?

ಪ್ರಶ್ನೆ: ನಮ್ಮ ತಂದೆಯವರು 1991ರಲ್ಲಿ ವಿಜಾಪುರದಲ್ಲಿ ಕೊಂಡಿದ್ದ ಯೆಜ್ಡಿ ರೋಡ್‌ಕಿಂಗ್, ಅವರು ತೀರಿಕೊಂಡ ಮೇಲೆ ತೋಟದ ಮನೆಯ ಕೊಟ್ಟಿಗೆಯಲ್ಲಿಯೇ ನಿಂತಿದೆ. ಕಿಕ್ ಕೆಳಗಿಳಿಯುವುದಿಲ್ಲ, ಟ್ಯಾಂಕಿನೊಳಗೆ ತುಕ್ಕು ತುಂಬಿದೆ. ಅದನ್ನು ಮತ್ತೆ ಓಡಿಸುವ ಆಸೆಯಿದೆ, ಆದರೆ ಕೈಯಲ್ಲಿರುವುದು ₹25,000 ಮಾತ್ರ. ಮೊದಲು ಬಣ್ಣ, ಕ್ರೋಮ್ ಮಾಡಿಸಿ, ಎಂಜಿನ್ ಆಮೇಲೆ ನೋಡಿದರಾಯಿತು ಎಂದು ಊರಿನ ಪೇಂಟರ್ ಹೇಳುತ್ತಾರೆ. ಯಾವುದರಿಂದ ಆರಂಭಿಸಲಿ?
— ಓದುಗರೊಬ್ಬರು, ಜಮಖಂಡಿ ತಾಲ್ಲೂಕು

ಉತ್ತರ: ಬಣ್ಣವನ್ನು ಕಟ್ಟಕಡೆಗೆ ಇಡಿ. ಎಂಜಿನ್ನಿಗೂ ಈಗಲೇ ಪಾನಾ ಹಚ್ಚಬೇಡಿ. ಮೊದಲು ಹುಡುಕಬೇಕಾದದ್ದು ಆರ್‌ಸಿ ಪುಸ್ತಕವನ್ನು.

ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಆಯುಷ್ಯ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಂದರೆ ನಿಮ್ಮ ಗಾಡಿಯ ಮೊದಲ ಅವಧಿ 2006ರಲ್ಲೇ ಮುಗಿದಿದೆ. ತಂದೆಯವರು ಆಮೇಲೆ ನವೀಕರಿಸಿದ್ದರೋ ಇಲ್ಲವೋ ಎಂಬುದರ ಮೇಲೆ ನಿಮ್ಮ ಖರ್ಚಿನ ಲೆಕ್ಕವೆಲ್ಲ ನಿಂತಿದೆ. ಏಕೆಂದರೆ 20 ವರ್ಷ ದಾಟಿದ ಮೋಟರ್‌ಸೈಕಲ್ಲಿನ ನವೀಕರಣ ಶುಲ್ಕ 2025ರ ಆಗಸ್ಟ್‌ನಿಂದ ₹2,000 ಆಗಿದ್ದು, ತಡಮಾಡಿದ ಅವಧಿಗೆ ಅದರ ಮೇಲೆ ಹೆಚ್ಚುವರಿ ಹಣವೂ ಬೀಳಬಹುದು. ಇನ್ನೊಂದು ತೊಡಕೂ ಇದೆ. ನಿಮ್ಮ ತಾಲ್ಲೂಕು ಈಗಿರುವ ಬಾಗಲಕೋಟೆ ಜಿಲ್ಲೆಯೇ 1991ರಲ್ಲಿ ಇರಲಿಲ್ಲ; ಅದು ವಿಜಾಪುರದಿಂದ ಬೇರೆಯಾದದ್ದು 1997ರಲ್ಲಿ. ಹೀಗಾಗಿ ನಿಮ್ಮ ಗಾಡಿಯ ದಾಖಲೆ ಕೆಎ-28ರಲ್ಲಿರುತ್ತದೆ, ನೀವಿರುವುದು ಜಮಖಂಡಿಯ ಕೆಎ-48ರ ವ್ಯಾಪ್ತಿಯಲ್ಲಿ. ಹಳೆಯ ಕಾಗದದ ದಾಖಲೆ ಕಂಪ್ಯೂಟರಿಗೆ ಏರಿದೆಯೇ ಎಂದು ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಮಾಲೀಕರು ತೀರಿಕೊಂಡಿರುವುದರಿಂದ ಮರಣ ಪ್ರಮಾಣಪತ್ರ ಮತ್ತು ವಾರಸಾ ದಾಖಲೆಗಳೊಂದಿಗೆ ಫಾರ್ಮ್ 31 ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಅಣ್ಣತಮ್ಮಂದಿರಿದ್ದರೆ ಅವರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆದಿಟ್ಟುಕೊಳ್ಳಿ. ಇದೆಲ್ಲಕ್ಕೂ ಎಷ್ಟಾಗುತ್ತದೆ ಎಂಬುದನ್ನು ಏಜೆಂಟರ ಬಾಯಿಂದ ಕೇಳದೆ ಕಚೇರಿಯಲ್ಲಿಯೇ ಕೇಳಿ, ಆ ಮೊತ್ತವನ್ನು ₹25,000ದಿಂದ ಕಳೆದು, ಉಳಿದದ್ದೇ ನಿಮ್ಮ ಬಂಡವಾಳವೆಂದು ತಿಳಿಯಿರಿ.

ನೋಂದಣಿ ನವೀಕರಣಕ್ಕೆ ಮುನ್ನ ನಡೆಯುವ ತಪಾಸಣೆಯಲ್ಲಿ ಇನ್‌ಸ್ಪೆಕ್ಟರರು ಚಾಸಿ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ಆರ್‌ಸಿಯೊಂದಿಗೆ ತಾಳೆ ನೋಡುತ್ತಾರೆ. ಪೇಂಟರನ್ನು ತಡೆಯಿರಿ ಎನ್ನಲು ಮೊದಲ ಕಾರಣ ಇದೇ. ಉಪ್ಪುಕಾಗದದಿಂದ ಉಜ್ಜಿ, ಮೇಲೆ ಪುಟ್ಟಿ ಬಳಿದರೆ ಸಂಖ್ಯೆ ಓದಲು ಬಾರದಂತಾಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಗುಜರಿಯಿಂದ ಬೇರೆ ಎಂಜಿನ್ ಕೇಸ್ ತಂದು ಕೂಡಿಸುವುದೂ ಬೇಡ. ಬಣ್ಣವೂ ಆರ್‌ಸಿಯಲ್ಲಿ ನಮೂದಾಗಿರುತ್ತದೆಯಾದ್ದರಿಂದ ಇರುವ ಬಣ್ಣವನ್ನೇ ತೊಳೆದು ಪಾಲಿಶ್ ಮಾಡಿಸಿ. ನನಗಂತೂ ಮಾಸಿದ ಮೂಲ ಬಣ್ಣವೇ ಹೊಸ ಬಣ್ಣಕ್ಕಿಂತ ಮೇಲು ಎನಿಸುತ್ತದೆ.

ಇನ್ನು ಎಂಜಿನ್. ಕಿಕ್ ಇಳಿಯದಿದ್ದರೆ ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿ ಹಿಡಿದಿದೆ ಎಂದೇ ತೀರ್ಮಾನಿಸಬೇಡಿ. ಯೆಜ್ಡಿಯಲ್ಲಿ ಗೇರ್ ಹಾಕುವ ಲಿವರೇ ಕಿಕ್ ಆಗುವುದರಿಂದ ಅದರ ಒಳಗಿನ ಹಲ್ಲುಗಳು ಸಿಕ್ಕಿಕೊಂಡಿರುವುದೂ ಉಂಟು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಬೆರೆಸಿದ ಎಂಜಿನ್ ಆಯಿಲ್ ಸ್ವಲ್ಪ ಸುರಿದು ಕೆಲವು ದಿನ ಬಿಡಿ. ಅನಂತರ ಮೇಲಿನ ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಕೈಯಿಂದ ಹಿಂದೆ ಮುಂದೆ ಅಲುಗಾಡಿಸಿ. ಲಿವರಿನ ಮೇಲೆ ನಿಂತು ಒದೆಯಬೇಡಿ. ಹಿಡಿದ ರಿಂಗುಗಳು ಮುರಿದರೆ ಉಳಿಸಬಹುದಾಗಿದ್ದ ಸಿಲಿಂಡರೂ ಕೆಡುತ್ತದೆ.

ಪಿಸ್ಟನ್ ಬಿಡಿಸಿಕೊಂಡಿತೆಂದು ಹಾಗೆಯೇ ಸ್ಟಾರ್ಟ್ ಮಾಡುವುದೂ ತಪ್ಪು. ವರ್ಷಗಟ್ಟಲೆ ನಿಂತ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಮೊದಲು ಕೈಕೊಡುವುದು ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಎರಡೂ ಬದಿಯ ಆಯಿಲ್ ಸೀಲುಗಳು. ಡೈನಮೋ ಬದಿಯ ಸೀಲು ಗಟ್ಟಿಯಾಗಿ ಬಿರುಕುಬಿಟ್ಟರೆ ಅಲ್ಲಿಂದ ಗಾಳಿ ಒಳನುಗ್ಗಿ, ಪೆಟ್ರೋಲು-ಗಾಳಿಯ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗಿ (ಮಿಶ್ರಣ ತೆಳುವಾಗಿ), ಎಂಜಿನ್ ಕಾದು ಪಿಸ್ಟನ್ ಹಿಡಿಯುತ್ತದೆ. ಕ್ಲಚ್ ಬದಿಯದು ಹೋದರೆ ಗೇರ್‌ಬಾಕ್ಸಿನ ಆಯಿಲ್ ಒಳಗೆ ಎಳೆದುಕೊಂಡು ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತದೆ. ಸೀಲುಗಳ ಬೆಲೆ ಅಲ್ಪ, ಆದರೆ ಅವನ್ನು ಪೂರ್ತಿಯಾಗಿ ಬದಲಿಸಲು ಎಂಜಿನ್ ಬಿಚ್ಚುವ ಕೂಲಿ ದೊಡ್ಡದು. ಆದ್ದರಿಂದ ಒಮ್ಮೆ ಬಿಚ್ಚಿದಾಗಲೇ ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿ. ಆ ದಿಕ್ಕಿನಲ್ಲಿ ಲೊಡಲೊಡ ಎಂದರೆ ರಾಡ್ ಕಿಟ್ (ಹೊಸ ರಾಡ್, ಅದರ ಬೇರಿಂಗು) ಬೇಕು, ಅಡ್ಡಕ್ಕೆ ತುಸು ಸರಿದರೆ ಅದು ಸಹಜ. ಸಿಲಿಂಡರ್ ಬೋರ್ ಮಾಡಿಸುವುದಿದ್ದರೆ, ಅಂದರೆ ಸವೆದ ಒಳಗೋಡೆಯನ್ನು ಕೊರೆದು ಅಗಲಿಸುವುದಿದ್ದರೆ, ಪಿಸ್ಟನ್ನನ್ನು ಮೊದಲು ಕೊಂಡು, ಅದನ್ನು ಲೇಥಿನವರ ಕೈಗೆ ಕೊಟ್ಟು, ಅದರ ಅಳತೆಗೇ ಬೋರ್ ಮಾಡಿಸಿ. ಈ ಕೆಲಸಕ್ಕೆ ಬೆಳಗಾವಿಯ ಉದ್ಯಮಬಾಗದ ಕಡೆ ಹೋಗಿ ವಿಚಾರಿಸುವುದು ಒಳ್ಳೆಯದು. ಫೌಂಡ್ರಿ ಮತ್ತು ಮಷೀನ್ ಶಾಪುಗಳು ಬೆಳೆದ ಊರದು. ಅಳತೆಯ ಕೆಲಸಕ್ಕೆ ನುರಿತ ಕೈಗಳು ಅಲ್ಲಿವೆ.

ಬಿಡಿಭಾಗ ಕೊಳ್ಳುವಾಗ ಒಂದು ಎಚ್ಚರ ಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಮತ್ತೆ ಬಂದ ಗಾಡಿಗಳು ಫೋರ್-ಸ್ಟ್ರೋಕ್ ಆಗಿರುವುದರಿಂದ ಅವುಗಳ ಎಂಜಿನ್ ಸಾಮಾನು ನಿಮ್ಮದಕ್ಕೆ ಕೂಡುವುದಿಲ್ಲ. ಬ್ಯಾಟರಿ, ಬಲ್ಬು ಕೊಳ್ಳುವ ಮೊದಲು ಗಾಡಿಯ ವೈರಿಂಗ್ 6 ವೋಲ್ಟಿನದೋ 12ರದೋ ನೋಡಿಕೊಳ್ಳಿ.

ಟ್ಯಾಂಕಿನ ತುಕ್ಕಿಗೆ ಹೊಸ ಟ್ಯಾಂಕ್ ಬೇಡ. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ಬಿಸಿನೀರಿನಲ್ಲಿ ಕರಗಿಸಿ ತುಂಬಿ, ಒಂದು ರಾತ್ರಿ ಬಿಟ್ಟು, ಅಡುಗೆ ಸೋಡಾದ ನೀರಿನಿಂದ ತೊಳೆದು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಒಳಗೆಲ್ಲ ಆಯಿಲ್ ಸವರುವಂತೆ ಅಲುಗಾಡಿಸಿ. ಬ್ರೇಕ್ ಶೂಗಳಿಗೆ ಹೊಸ ಲೈನರ್ ಹಚ್ಚಿಸಿದರೆ ಸಾಕು. ಟೈರು, ಟ್ಯೂಬು, ಕೇಬಲ್ಲುಗಳಲ್ಲಿ ಮಾತ್ರ ಜಿಪುಣತನ ಬೇಡ. ಟೈರಿನ ಮೇಲಿನ ನಾಲ್ಕಂಕಿಯ ಕೊನೆಯ ಎರಡು ಅದು ತಯಾರಾದ ವರ್ಷವನ್ನು ಹೇಳುತ್ತವೆ, ಹಳೆಯ ದಾಸ್ತಾನು ಕೊಟ್ಟರೆ ಹಿಂದಿರುಗಿಸಿ. ಉಳಿದ ಬಂಡವಾಳದಲ್ಲಿ ಅರ್ಧವನ್ನು ಎಂಜಿನ್ನಿಗೆ, ಕಾಲುಭಾಗವನ್ನು ಗಾಲಿ ಮತ್ತು ಬ್ರೇಕಿಗೆ ತೆಗೆದಿಡಿ. ಮಿಕ್ಕ ಕಾಲು, ಬಿಚ್ಚಿದ ಮೇಲೆ ಕಾಣುವ ಸಂಗತಿಗಳಿಗೆ. ಆ ಅರ್ಧದಲ್ಲಿ ರಾಡ್ ಕಿಟ್ಟೂ ಬೋರೂ ಎರಡೂ ಹಿಡಿಯದಿದ್ದರೆ ಬಿಚ್ಚಿದ್ದನ್ನು ಹೆಸರು ಬರೆದ ಚೀಲಗಳಲ್ಲಿ ಕಟ್ಟಿಟ್ಟು, ಮುಂದಿನ ಕಬ್ಬಿನ ಬಿಲ್ಲಿನವರೆಗೆ ಕಾಯಿರಿ.

ಪ್ರಶ್ನೆ: ನನ್ನ ಹಳೆಯ ಆರ್‌ಎಕ್ಸ್ 100ಕ್ಕೆ ಈಗಿನ ಎಥನಾಲ್ ಬೆರೆತ ಪೆಟ್ರೋಲು ಹಾನಿ ಮಾಡುತ್ತದೆಯೇ?
— ಓದುಗರೊಬ್ಬರು, ಗೋಕಾಕ

ಉತ್ತರ: ನಿಮ್ಮ ಸುತ್ತಲಿನ ಸಕ್ಕರೆ ಕಾರ್ಖಾನೆಗಳೇ ತಯಾರಿಸುವ ಎಥನಾಲ್ ನಿಮ್ಮ ಗಾಡಿಯ ಪೈಪನ್ನೇ ತಿನ್ನುವುದು ಸ್ವಲ್ಪ ವಿಚಿತ್ರವೇ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡಬಲ್ಲುದು, ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಪೆಟ್ರೋಲ್ ಪೈಪು ಮತ್ತು ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕಿನ (ನಲ್ಲಿಯ) ವಾಷರುಗಳನ್ನು ಬದಲಿಸಿ. ಪ್ಲಗ್ಗಿನ ತುದಿ ಕಾಫಿ ಬಣ್ಣದ ಬದಲು ಬೂದಿ ಬಿಳುಪಾಗಿದ್ದರೆ ಮಿಶ್ರಣ ತೆಳುವಾಗಿದೆ. ಕಾರ್ಬುರೇಟರಿನಲ್ಲಿ ಪೆಟ್ರೋಲು ಬಿಡುವ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿಡಿ.