ಎಡಿಎಚ್‌ಡಿ, ಆಟಿಸಂ ಎರಡೂ ಇದೆ ಅಂದರು. ಆಫೀಸಲ್ಲಿ ಹೇಳಬೇಕಾ? ದಾವಣಗೆರೆಯಲ್ಲೇ ಇದ್ದು ದುಡಿಯೋಕೆ ಆಗುತ್ತಾ?

ನೀವು ಬರೆದಿದ್ದು ಇಷ್ಟು: ವಯಸ್ಸು 27, ಊರು ಚಿತ್ರದುರ್ಗ, ಕೆಲಸ ದಾವಣಗೆರೆಯ ಒಂದು ಖಾಸಗಿ ಕಂಪನಿಯಲ್ಲಿ. ಹೋದ ತಿಂಗಳು ಡಾಕ್ಟರು ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದಿರೋದು), ಆಟಿಸಂ (ಸದ್ದು, ಸ್ಪರ್ಶ, ಜನರ ಮಾತಿನ ಒಳಾರ್ಥ ಎಲ್ಲ ಬೇರೆ ಥರ ತಟ್ಟೋದು) ಎರಡೂ ಇದೆ ಅಂದರು. ಈಗ ಮ್ಯಾನೇಜರ್‌ಗೆ ಹೇಳಲೋ ಬೇಡವೋ, ಇಲ್ಲೇ ಇರಲೋ ಬೆಂಗಳೂರಿಗೆ ಹೋಗಲೋ ಅಂತ ಕೇಳಿದ್ದೀರಿ. ಬೆಂಗಳೂರಿನ ವಿಷಯಕ್ಕೆ ಕೊನೆಗೆ ಬರ್ತೀನಿ. ಮೊದಲನೆಯದಕ್ಕೆ ನನ್ನ ಉತ್ತರ: ಡಾಕ್ಟರು ಹೇಳಿದ ಹೆಸರು ಹೇಳಬೇಡಿ, ಬೇಕಾದ್ದನ್ನು ಕೇಳಿ.

ನನಗೆ 36. ಎರಡೂ ಇದೆ ಅಂತ ಗೊತ್ತಾದಾಗ 33. ದಾವಣಗೆರೆಯ ವ್ಯಾಪಾರದ ಜಾಗ ಮಂಡಿಪೇಟೆ ಹತ್ತಿರದ ಒಂದು ಟ್ಯಾಕ್ಸ್ ಆಫೀಸಿನಲ್ಲಿ ವ್ಯಾಪಾರಿಗಳ ಜಿಎಸ್‌ಟಿ ನೋಡ್ಕೋತೀನಿ. ಅಡಿಕೆ 0802, ಮೆಕ್ಕೆಜೋಳ 1005, ಅಕ್ಕಿ 1006, ಮಂಡಕ್ಕಿ 1904, ಹತ್ತಿ 5201. ತೆರಿಗೆಗೆ ಸರಕು ಗುರುತಿಸೋ ಈ ಕೋಡುಗಳು ನನಗೆ ಬಾಯಿಪಾಠ, ಯಾರೂ ಕಲಿಯಿರಿ ಅಂದಿರಲಿಲ್ಲ. ನಮ್ಮನೆ ಗ್ಯಾಸ್ ಬುಕ್ ಮಾಡೋದು ಮಾತ್ರ ಮೂರು ವಾರ ಮರೆತುಹೋಗುತ್ತೆ.

ಮಂಡಕ್ಕಿ ಅಂದೆನಲ್ಲ, ಅಲ್ಲಿಂದಲೇ ಶುರು ಮಾಡ್ತೀನಿ. ಸಂಜೆ 5ಕ್ಕೆ ಆಫೀಸಿಗೆ ಮಂಡಕ್ಕಿ ಮಿರ್ಚಿ ಬರುತ್ತೆ. ಪೇಪರ್ ಬಿಚ್ಚಿದ ಮೊದಲ ಎರಡು ನಿಮಿಷ ಗರಿಗರಿ. ಅಷ್ಟರಲ್ಲಿ ಈರುಳ್ಳಿ, ಟೊಮ್ಯಾಟೊ ನೀರು ಬಿಡುತ್ತೆ. ಆಮೇಲೆ ಒಂದೇ ತುತ್ತಿನಲ್ಲಿ ಅರ್ಧ ಗರಿ, ಅರ್ಧ ಮೆತ್ತಗೆ. ಆ ಎರಡೂ ಒಟ್ಟಿಗೆ ನಾಲಿಗೆಗೆ ಸಿಕ್ಕರೆ ನನಗೆ ಬೋರ್ಡಿನ ಮೇಲೆ ಉಗುರಲ್ಲಿ ಗೀಚಿದ ಹಾಗಾಗುತ್ತೆ, ಕಣ್ಣಲ್ಲಿ ನೀರೇ ಬರುತ್ತೆ. ದಾವಣಗೆರೆಯಲ್ಲಿ ಹುಟ್ಟಿ ಇದನ್ನು ಒಪ್ಪಿಕೊಳ್ಳೋದು ಸಣ್ಣ ಮಾತಲ್ಲ. ಮೊದಲ ವರ್ಷವೆಲ್ಲ ಹೊಟ್ಟೆ ಸರಿಯಿಲ್ಲ ಅಂತ ಸುಳ್ಳು ಹೇಳಿದೆ. ಒಂದು ದಿನ ತಡೆಯೋಕಾಗದೆ ಹೇಳಿಬಿಟ್ಟೆ: "ನನಗೆ ಕಲಸಿದ್ದು ಬ್ಯಾಡ್ರಿ, ಒಣದು ಬೇರೆ ತರಿಸ್ರಿ." ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಮಾರನೇ ದಿನದಿಂದ ಇವತ್ತಿನವರೆಗೂ ನನಗೆ ಬೇರೆ ಪೊಟ್ಟಣ. ಹೊಸ ಹುಡುಗರು ಬಂದರೆ ಹಳಬರೇ ಹೇಳಿಕೊಡ್ತಾರೆ, "ಅಕ್ಕಗೆ ಒಣದು ನೋಡಪ" ಅಂತ.

ಇದನ್ನು ನಾನು ಬಹಳ ದಿನ ಯೋಚನೆ ಮಾಡಿದೀನಿ. ಈರುಳ್ಳಿ ತಿನ್ನದವರು, ಸೋಮವಾರ ಒಪ್ಪತ್ತು ಮಾಡೋರು, ಟೀಗೆ ಸಕ್ಕರೆ ಬೇಡ ಅನ್ನೋರು, ಕಾಲು ನೋವು ಕೆಳಗೆ ಕೂರಲ್ಲ ಅನ್ನೋರು, ಇವರಿಗೆಲ್ಲ ನಮ್ಮ ಕಡೆ ತಕರಾರಿಲ್ಲದೆ ಜಾಗ ಇದೆ. "ಅವರಿಗೆ ಹಂಗೇ" ಅಂದರೆ ಮುಗೀತು. ಅದೇ ಜನರ ಮುಂದೆ ಒಂದು ಇಂಗ್ಲಿಷ್ ಕಾಯಿಲೆ ಹೆಸರು ಇಟ್ಟು ನೋಡಿ. ಕಾಯಿಲೆ ಅಲ್ಲ ಅಂತ ನನಗೂ ಗೊತ್ತು, ಆದರೆ ಅವರ ಕಿವಿಗೆ ಬೀಳೋದು ಹಾಗೇ. ಅರ್ಧ ಜನ "ಅಯ್ಯೋ ಪಾಪ" ಅಂತಾರೆ, ಉಳಿದರ್ಧ "ಮೊಬೈಲ್ ಜಾಸ್ತಿ ನೋಡಿದ್ರೆ ಎಲ್ಲರಿಗೂ ಬರೋದೇ" ಅಂತಾರೆ. ಎರಡರಿಂದಲೂ ನಿಮ್ಮ ಕೆಲಸಕ್ಕೆ ಮೂರು ಕಾಸಿನ ಪ್ರಯೋಜನ ಇಲ್ಲ.

ನನಗೆ ಈ ಬುದ್ಧಿ ಬಂದದ್ದು ಒಂದು ಎಡವಟ್ಟಿನಿಂದ. ನಮ್ಮ ಕೆಲಸದಲ್ಲಿ ತಿಂಗಳ 11ಕ್ಕೆ ಮಾರಾಟದ ವಿವರ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟೋ ರಿಟರ್ನ್ 3ಬಿ, ಇವು ಕೊನೇ ದಿನ. ಒಂದು 20ನೇ ತಾರೀಖು ಅಡಿಕೆ ವ್ಯಾಪಾರಿಯೊಬ್ಬರ ರಿಟರ್ನ್ ಪೂರಾ ರೆಡಿ ಇತ್ತು. ಉಳಿದದ್ದು ಒಂದೇ, ಅವರಿಗೆ ಫೋನ್ ಮಾಡಿ ಓಟಿಪಿ ಕೇಳೋದು. ಫೋನ್ ಅಂದರೆ ನನಗೆ ಎದೆ ಹೊಡ್ಕೊಳ್ಳುತ್ತೆ. ಆಚೆಯವರ ಮುಖ ಕಾಣಲ್ಲ, ಯಾವಾಗ ಮಾತು ನಿಲ್ಲಿಸ್ತಾರೆ ಗೊತ್ತಾಗಲ್ಲ. "ಮತ್ತೇನಮ್ಮ ಸಮಾಚಾರ" ಅಂದರೆ ನಿಜವಾಗಿ ಸಮಾಚಾರ ಕೇಳ್ತಿದಾರಾ, ಫೋನ್ ಇಡು ಅಂತಿದಾರಾ ತಿಳಿಯಲ್ಲ. ಐದು ನಿಮಿಷ ಬಿಟ್ಟು ಮಾಡೋಣ ಅಂದ್ಕೊಂಡೆ. ಆ ಐದು ನಿಮಿಷಕ್ಕೆ ಅಂತ ಇನ್ನೊಬ್ಬರ ಖರೀದಿ ಲೆಕ್ಕ ತೆಗೆದೆ. ಅದರಲ್ಲಿ 212 ರೂಪಾಯಿ ತಾಳೆ ಆಗ್ತಿರಲಿಲ್ಲ. ಮಧ್ಯಾಹ್ನ 2ಕ್ಕೆ ಶುರು ಮಾಡಿದವಳು ತಲೆ ಎತ್ತಿದಾಗ ರಾತ್ರಿ 9 ದಾಟಿತ್ತು. ಊಟ ಇಲ್ಲ, ನೀರೂ ಕುಡಿದಿರಲಿಲ್ಲ. 212 ರೂಪಾಯಿ ಸಿಕ್ಕಿತ್ತು, ಯಾರೋ ಬಿಲ್ಲಿನಲ್ಲಿ ಒಂದು ಅಂಕಿ ಹಿಂದುಮುಂದು ಮಾಡಿದ್ದರು. ಆ ಖುಷಿ ಏನು ಹೇಳಲಿ! ಓಟಿಪಿ ಮಾತ್ರ ನೆನಪಿಗೆ ಬಂದದ್ದು ಮೂರು ದಿನ ಆದಮೇಲೆ.

ದಿನಕ್ಕೆ 50 ರೂಪಾಯಿಯಂತೆ ತಡದ ಶುಲ್ಕ 150, ಜೊತೆಗೆ ವರ್ಷಕ್ಕೆ ಶೇ 18ರ ಲೆಕ್ಕದಲ್ಲಿ ಬಡ್ಡಿ. ದುಡ್ಡು ನಾನೇ ಕೊಟ್ಟೆ. ಆ ವ್ಯಾಪಾರಿ ಬೈಯಲಿಲ್ಲ, ಅದೇ ಕಷ್ಟ ಆಗಿದ್ದು. "ಒಂದು ಫೋನ್ ಮಾಡೋಕೆ ಏನಾಗಿತ್ತಮ್ಮ ನಿನಗೆ?" ಅಂದರು. ನಮ್ಮವ್ವ ಚಿಕ್ಕಂದಿನಿಂದ ಕೇಳಿದ್ದೂ ಇದೇ. ಒಂದು ಚೊಂಬು ನೀರು ತರೋಕೆ ಏನಾಗಿತ್ತು, ಒಂದು ಸಹಿ ಹಾಕಿಸ್ಕೊಂಡು ಬರೋಕೆ ಏನಾಗಿತ್ತು.

ಮಾರನೇ ದಿನ ನಮ್ಮ ಸರ್ ಹತ್ತಿರ ಹೋಗಿ ಮೂರು ಮಾತು ಹೇಳಿದೆ. ಹಿಂದಿನ ರಾತ್ರಿ ಬರೆದು, ಬಾಯಿಪಾಠ ಮಾಡಿ ಹೋಗಿದ್ದೆ. ಓಟಿಪಿ ಫೋನುಗಳನ್ನು ಬೇರೆಯವರು ಮಾಡಲಿ, ಬದಲಿಗೆ ಅವರ ತಾಳೆ ಕೆಲಸ ನಾನು ಮಾಡ್ತೀನಿ. ನನಗೆ ಹೇಳೋ ಕೆಲಸವನ್ನು ಬಾಯಲ್ಲಿ ಹೇಳಿ ಹೋಗಬೇಡಿ, ಒಂದು ಸಾಲು ವಾಟ್ಸಾಪ್ ಹಾಕಿ. ಟೇಬಲನ್ನು ಬಾಗಿಲ ಕಡೆಯಿಂದ ತೆಗೆದು ಗೋಡೆ ಕಡೆ ತಿರುಗಿಸ್ಕೋತೀನಿ. ಅವರು ಕ್ಯಾಲೆಂಡರ್ ಕಡೆ ನೋಡ್ತಾ "ಅಷ್ಟೇನಾ?" ಅಂದರು. ಸಂಬಳ ಜಾಸ್ತಿ ಕೇಳೋಕೆ ಬಂದೆ ಅಂದ್ಕೊಂಡಿದ್ದರಂತೆ. ಆಗ ನನಗೆ ಡಯಾಗ್ನೋಸಿಸ್ ಕೂಡ ಆಗಿರಲಿಲ್ಲ.

ನಿಮ್ಮ ಮೂರು ಮಾತು ಬೇರೆ ಇರಬಹುದು. ಕೇಳೋದು ಹೇಗೆ ಅಂತ ಮಾತ್ರ ಹೇಳ್ತೀನಿ: ಕೈಯಲ್ಲಿ ಹಿಡಿಯೋಕೆ ಬರುವಂಥದ್ದು ಕೇಳಿ. "ನನ್ನನ್ನು ಸ್ವಲ್ಪ ಅರ್ಥ ಮಾಡ್ಕೊಳ್ಳಿ ಸರ್" ಅಂದರೆ ಅವರು ಏನು ಮಾಡಬೇಕು, ಪಾಪ. "ಮೀಟಿಂಗ್ ಆದಮೇಲೆ ನಾನು ಏನು ಮಾಡಬೇಕು ಅಂತ ಮೇಲ್ ಹಾಕಿ" ಅಂದರೆ ಹಾಕ್ತಾರೆ. ಬದಲಿಗೆ ನೀವು ಏನು ಕೊಡ್ತೀರಿ ಅನ್ನೋದನ್ನೂ ಅದೇ ಉಸಿರಲ್ಲಿ ಹೇಳಿ. ಮಂಡಿಪೇಟೆ ಬುದ್ಧಿ ಅಂತ ನಗಬೇಡಿ.

ಎರಡೂ ಒಟ್ಟಿಗೆ ಇರೋದು ಹೇಗೆ ಅಂತ ನಿಮಗೆ ಗೊತ್ತೇ ಇರುತ್ತೆ, ಆದರೂ ನನ್ನದು ಹೇಳ್ತೀನಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅಂತಾರಲ್ಲ, ಅದು. ಒಂದಕ್ಕೆ ದಿನಾ ಹೊಸದು ಬೇಕು, ಇನ್ನೊಂದಕ್ಕೆ ನಿನ್ನೆಯದೇ ಬೇಕು. ಬೆಳಿಗ್ಗೆ ಆರೂವರೆಗೆ, ಜನ ಸೇರೋಕೆ ಮೊದಲು ಒಂದೇ ಹೋಟೆಲಲ್ಲಿ ಒಂದೇ ಮೂಲೆಯಲ್ಲಿ ಕೂತು ಖಾಲಿ ದೋಸೆ ತಿಂದರೆ ನನ್ನ ದಿನ ನೆಟ್ಟಗೆ ಹೋಗುತ್ತೆ. ಆದರೆ ಆರೂವರೆಗೆ ಮನೆ ಬಿಡಬೇಕು ಅನ್ನೋದೇ ಮರೆತು ಬಾತ್‌ರೂಮ್ ಟೈಲ್ಸ್ ಎಣಿಸ್ತಾ ನಿಂತಿರ್ತೀನಿ. ನಿಯಮ ಹಾಕೋಳೂ ನಾನೇ, ಮುರಿಯೋಳೂ ನಾನೇ, ಮುರಿದದ್ದಕ್ಕೆ ಅಳೋಳೂ ನಾನೇ.

ಯಾರಾದರೂ ಡಾಕ್ಟರು "ಎರಡೂ ಒಬ್ಬರಿಗೇ ಹೇಗೆ ಬರುತ್ತೆ" ಅಂದರೆ ಬೇಜಾರಾಗಬೇಡಿ. ಮನೋವೈದ್ಯರು ನೋಡುವ ಅಮೆರಿಕದ ಕೈಪಿಡಿ ಡಿಎಸ್‌ಎಂನಲ್ಲಿ 2013ರವರೆಗೆ ಆಟಿಸಂ ಇದ್ದವರಿಗೆ ಎಡಿಎಚ್‌ಡಿ ಅಂತಲೂ ಹೇಳೋ ಹಾಗಿರಲಿಲ್ಲ. ಐದನೇ ಆವೃತ್ತಿಯಲ್ಲಿ ಆ ಗೋಡೆ ತೆಗೆದರು. ಅದಕ್ಕೂ ಮೊದಲು ಓದಿದವರ ತಲೆಯಲ್ಲಿ ಹಳೇ ಗೋಡೆ ಇರಬಹುದು. ನನಗೂ ಮೊದಲು ಒಬ್ಬರು ಬರೀ ಆತಂಕ ಅಂತ ಹೇಳಿ ಎರಡು ವರ್ಷ ಅದರ ಮಾತ್ರೆ ಕೊಟ್ಟಿದ್ದರು. ಆತಂಕವೂ ಇತ್ತು ಅನ್ನಿ. ಮಳೆ ನೀರು ಒರೆಸ್ತಾ ಸೂರು ನೋಡದ ಹಾಗೆ ಆಗಿತ್ತು. ಆಮೇಲೆ ಬೆಂಗಳೂರಿಗೆ ಹೋದೆ, ಅವ್ವನನ್ನೂ ಕರ್ಕೊಂಡು. ಎಡಿಎಚ್‌ಡಿಯ ಲಕ್ಷಣ 12 ವರ್ಷದೊಳಗೇ ಇತ್ತು ಅಂತ ಗೊತ್ತಾಗಬೇಕು, ಅದಕ್ಕೆ ಚಿಕ್ಕಂದಿನಲ್ಲಿ ನೋಡಿದವರು ಬೇಕು. ಅವ್ವ ಹೇಳಿದಳು: ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಹಾಕಿದಾಗ ಎಲ್ಲ ಮಕ್ಕಳೂ ರೈಲು ನೋಡೋಕೆ ಕುಣೀತಿದ್ದರೆ ಇವಳು ಕಿವಿ ಮುಚ್ಚಿಕೊಂಡು ಡಬ್ಬಿ ಎಣಿಸೋಳು, ಎಣಿಕೆ ತಪ್ಪಿದರೆ ಮನೆಗೆ ಬರೋಳೇ ಅಲ್ಲ. ಕೊನೆಗೆ ಹೇಳಿದ್ದು, "ಇದೇನು ಹೊಸದಲ್ಲ ಬಿಡ್ರಿ, ಅವರಪ್ಪನೂ ಹಂಗೇ." ಡಾಕ್ಟರು ನಕ್ಕು ಅದನ್ನೂ ಬರ್ಕೊಂಡರು. ಎರಡೂ ವಂಶದಲ್ಲಿ ಹರಿಯುತ್ತವಂತೆ. ಅಪ್ಪ ಕಾಟನ್ ಮಿಲ್ಲಿನಲ್ಲಿದ್ದವರು. ಮಿಲ್ ಮುಚ್ಚಿದ ಮೇಲೆ ಬೇರೆ ಎಲ್ಲೂ ನಿಲ್ಲಲಿಲ್ಲ. ಅವರನ್ನು ಸೋಮಾರಿ ಅಂತ ನಾನೂ ಅಂದಿದೀನಿ. ಈ ಮಾತು ಅವರು ಹೋದಮೇಲೆ ಗೊತ್ತಾಯ್ತು.

ಮಾತ್ರೆ ಬಗ್ಗೆ ಚಿಕ್ಕದಾಗಿ. ಮೀಥೈಲ್‌ಫೆನಿಡೇಟ್ ಬರೆದುಕೊಟ್ಟರೆ ಚೀಟಿ ಎರಡು ಪ್ರತಿ ತಗೊಳ್ಳಿ, ಒಂದನ್ನು ಅಂಗಡಿಯವರು ಇಟ್ಟುಕೊಳ್ಳಬೇಕು. ಎಲ್ಲ ಅಂಗಡಿಯಲ್ಲೂ ಸಿಗಲ್ಲ, ಹತ್ತು ಮಾತ್ರೆ ಉಳಿದಿರುವಾಗಲೇ ಓಡಾಡಿ. ಅಟೊಮಾಕ್ಸೆಟೀನ್ ಆದರೆ ಕೆಲಸ ಶುರು ಮಾಡೋಕೇ ಕೆಲವು ವಾರ ಬೇಕು, ನಾಲ್ಕೇ ದಿನಕ್ಕೆ ಬಿಡಬೇಡಿ. ಈ ಎರಡು ಮಾತ್ರೆಯೂ ಎಡಿಎಚ್‌ಡಿಗೆ ಮಾತ್ರ. ಆಟಿಸಂಗೆ ಅಂತ ಮಾತ್ರೆ ಇಲ್ಲ. ನನಗಾದದ್ದು ಏನು ಗೊತ್ತಾ? ಮೊದಲ ವಾರವೇ ತಲೆಯೊಳಗಿನ ಸಂತೆ ನಿಂತಿತು. ನಿಂತ ಮೇಲೆ ಟ್ಯೂಬ್‌ಲೈಟ್ ಗುಂಯ್ ಅನ್ನೋದು, ಪಕ್ಕದವರ ಬಳೆ, ಸೀರೆಯ ಜರಿ ಕುತ್ತಿಗೆಗೆ ತಾಗೋದು ಎಲ್ಲ ಎರಡರಷ್ಟಾಯ್ತು. ಇಷ್ಟು ದಿನ ಸಂತೆಯ ಗದ್ದಲದಲ್ಲಿ ಇವು ಕೇಳಿಸ್ತಿರಲಿಲ್ಲ ಅಷ್ಟೆ. ನಿಮಗೂ ಹಾಗಾದರೆ ಗಾಬರಿಯಾಗದೆ ಡಾಕ್ಟರಿಗೆ ಹೇಳಿ.

ನನ್ನ ಸಲಹೆಯಲ್ಲಿ ಒಂದು ತೂತಿದೆ, ಅದನ್ನೂ ಹೇಳಬೇಕು. ಕೇಳೋಕೆ ಬಾಯೇ ಬರದ ಗಳಿಗೆ ಇರುತ್ತಲ್ಲ. ಒಂದು ಮಾರ್ಚ್ ಕೊನೇ ವಾರ, ಕರೆಂಟ್ ಹೋಗಿ ಕೆಳಗಿನ ಅಂಗಡಿಯ ಜನರೇಟರ್ ಶುರುವಾಯ್ತು, ಇತ್ತ ಇಬ್ಬರು ಜಗಳ, ಮೂರನೆಯವರು ನನ್ನ ಭುಜ ತಟ್ಟಿ ಏನೋ ಕೇಳಿದರು. ನನ್ನ ಮಾತು ನಿಂತೇಹೋಯ್ತು. ಹೇಳಬೇಕಾದ್ದು ತಲೆಯಲ್ಲಿದೆ, ನಾಲಿಗೆಗೆ ಬರಲ್ಲ. ಮೆಟ್ಟಿಲ ಕೆಳಗೆ ಹಳೇ ಫೈಲ್ ಇಡೋ ಜಾಗದಲ್ಲಿ ಮುಕ್ಕಾಲು ಗಂಟೆ ಕೂತಿದ್ದೆ. ಹುಡುಕಿಕೊಂಡು ಬಂದವರು ನಮ್ಮಲ್ಲಿನ ಹಿರಿಯ ಅಕ್ಕ ಒಬ್ಬರು. ಮಾರನೇ ದಿನ ಅವರೊಬ್ಬರಿಗೆ ಹೆಸರು ಸಮೇತ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ಹೆಸರೇನಾರ ಇರ್ಲಿ ಬಿಡು, ಹಂಗಾದಾಗ ನಾನೇನ್ ಮಾಡ್ಬೇಕು ಹೇಳು" ಅಂದರು. ಮುಟ್ಟಬೇಡಿ, ಮಾತಾಡಿಸಬೇಡಿ, ಬೇರೆಯವರನ್ನು ಆ ಕಡೆ ಬಿಡಬೇಡಿ ಅಂದೆ. ಆಮೇಲೆ ಎರಡು ಸಲ ಹಾಗಾಯ್ತು, ಎರಡೂ ಸಲ ಅವರು ಮೆಟ್ಟಿಲ ಹತ್ತಿರ ಕುರ್ಚಿ ಹಾಕ್ಕೊಂಡು ಫೋನ್ ನೋಡ್ತಾ ಕೂತಿದ್ದರು. ಅಂಥ ಒಬ್ಬರು ಇದ್ದರೆ ಅವರಿಗೆ ಹೇಳಿಡಿ, ಮ್ಯಾನೇಜರೇ ಆಗಬೇಕಿಲ್ಲ. ಆಫೀಸಲ್ಲಿ ಯಾರೂ ಇಲ್ಲ, ರಾತ್ರಿ ತಡೆಯೋಕಾಗ್ತಿಲ್ಲ ಅನ್ನಿಸಿದರೆ 14416 ಇದೆ, ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಫೋನ್ ಮಾಡಿ ಅಂತ ನಾನು ಹೇಳ್ತಿರೋದು ನನಗೇ ನಗು ಬರುತ್ತೆ.

ಹೆಸರು ಹೇಳಲೇಬೇಕಾದ ಜಾಗ ಒಂದಿದೆ, ಸರ್ಕಾರಿ ಕೆಲಸದ ಮೀಸಲಾತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂತ ಪ್ರಮಾಣಪತ್ರ ಸಿಕ್ಕರೆ ಸರ್ಕಾರಿ ಹುದ್ದೆಯ ಕನಿಷ್ಠ ಶೇ 4 ಮೀಸಲಾತಿಗೆ ಅರ್ಹತೆ ಬರುತ್ತೆ. ಆ ನಾಲ್ಕರಲ್ಲಿ ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವಿಧ ಅಂಗವೈಕಲ್ಯ ಎಲ್ಲ ಸೇರಿ ಹಂಚಿಕೊಳ್ಳೋದು ಒಂದು. ಪರೀಕ್ಷೆ ಬರೆಯೋ ಯೋಚನೆ ಇದ್ದರೆ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಿ. ನಾನು ಮಾಡಿಸಿಲ್ಲ. ಫಾರ್ಮ್ ಅರ್ಧ ತುಂಬಿದ್ದು ಡ್ರಾಯರಿನಲ್ಲಿದೆ, ಯಾಕೆ ಅಂತ ನಿಮಗೆ ಹೇಳಬೇಕಿಲ್ಲ.

ಬೆಂಗಳೂರು. ಡಾಕ್ಟರು ಜಾಸ್ತಿ, ನಮ್ಮಂಥವರು ಜಾಸ್ತಿ, ಅದು ನಿಜ. ಆದರೆ ಅಲ್ಲಿ ಆಫೀಸ್ ಮುಟ್ಟೋಕೇ ಒಂದೂವರೆ ಗಂಟೆ ಹಾರ್ನ್ ಕೇಳಬೇಕು. ಇಲ್ಲಿ ನಾನು ವಿದ್ಯಾನಗರದಿಂದ ಸ್ಕೂಟಿಯಲ್ಲಿ ಹೊರಟರೆ ಹದಿನೈದು ನಿಮಿಷ, ತಲೆ ಕೆಟ್ಟ ದಿನ ಸಂಜೆ ಕುಂದವಾಡ ಕೆರೆ ಏರಿ ಮೇಲೆ ಎರಡು ಸುತ್ತು. ಡಾಕ್ಟರ ಹತ್ತಿರ ಹೋಗೋದಿದ್ದರೆ ಬೆಳಿಗ್ಗೆ ರೈಲು ಹತ್ತಿ ರಾತ್ರಿ ವಾಪಸ್. ಇಲ್ಲಿ ಕಷ್ಟ ಇರೋದು ಬೇರೆ ಕಡೆ: ಮದುವೆಗೆ ಯಾಕೆ ಬರಲಿಲ್ಲ ಅಂತ ಕೇಳೋರು ಓಣಿಗೆ ಹತ್ತು ಜನ. ಅದಕ್ಕೆ ನಾನು ಕಂಡ್ಕೊಂಡ ಉಪಾಯ, ಮುಹೂರ್ತದ ಹಿಂದಿನ ದಿನವೇ ಮನೆಗೆ ಹೋಗಿ ಮುಯ್ಯಿ ಕೊಟ್ಟು, ಟೀ ಕುಡಿದು ಬರೋದು. ಛತ್ರದ ಡೋಲು, ಮೈಕು, ಪಂಕ್ತಿ ಯಾವುದೂ ಇಲ್ಲ. "ಅವಳು ಹಿಂದಿನ ದಿನ ಬರೋಳು" ಅಂತ ಈಗ ಅದೂ ನಡೀತಿದೆ. ನಿಮ್ಮ ಕೆಲಸ ಬೆಂಗಳೂರಲ್ಲಿ ಮಾತ್ರ ಸಿಗುವಂಥದ್ದಾದರೆ ಹೋಗಿ. ಇದೊಂದೇ ಕಾರಣಕ್ಕೆ ಆದರೆ ನಾನಂತೂ ಹೋಗ್ತಿರಲಿಲ್ಲ.

ಇನ್ನೇನಾದರೂ ಕೇಳೋದಿದ್ದರೆ ಕೆಳಗೆ ಬರೀರಿ, ನಂಬರ್ ಕೇಳಬೇಡಿ. 11ರಿಂದ 20ರವರೆಗೆ ಉತ್ತರ ಬರಲ್ಲ. 21ಕ್ಕೂ ಬರದಿದ್ದರೆ ಇನ್ನೊಂದು ಸಲ ಬರೀರಿ, ಓದಿ ಮರೆತಿರ್ತೀನಿ.